ನೆರೆ ಪರಿಹಾರದ ಲೆಕ್ಕ ಕೇಳುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ನಮ್ಮ ಹಿತ್ತಲ ಗೋಡೆ ಹೊತ್ತೊಯ್ದಳು. ಆಗಿನ ಸರ್ಕಾರಿ ಪರಿಹಾರದಲ್ಲಿ ಪೂರ್ತಿ ಬಿದ್ದ ಮನೆ ‘ಎ’ ವರ್ಗ, 5 ಲಕ್ಷ ರೂಪಾಯಿ. ಅಲ್ಪ ಹಾನಿಗೆ ‘ಸಿ’, 50 ಸಾವಿರ. ಪಕ್ಕದ ಅಜ್ಜಿಯ ಮನೆ ನೆಲಸಮವಾಗಿತ್ತು, ಪಟ್ಟಿಯಲ್ಲಿ ಮಾತ್ರ ‘ಸಿ’. "ಮ್ಯಾಲಿಂದ ಹಂಗ ಬಂದೈತಿ" ಅಂದರು ಕಚೇರಿಯಲ್ಲಿ. ಆಗ ಕಲಿತದ್ದು ಇದು.

ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಾನು ಮೊದಲ ಸಲ ಎರಡು ಹಾಳೆ ಗೋಳು ತೋಡಿಕೊಂಡಿದ್ದೆ, ವಾಪಸ್ ಬಂತು! "ಯಾಕೆ ಕೊಟ್ಟಿಲ್ಲ?" ಅಂತ ಕೇಳಿದರೂ ಉಪಯೋಗವಿಲ್ಲ. ದಾಖಲೆಯ ಹೆಸರು ಹಿಡಿದೇ ಕೇಳಬೇಕು. ಎರಡನೇ ಸಲ ಹೀಗೆ ಬರೆದೆ: "ನಮ್ಮ ಗ್ರಾಮದ ಮನೆ ಹಾನಿ ಫಲಾನುಭವಿಗಳ ಪಟ್ಟಿ, ಪ್ರತಿ ಮನೆಯ ವರ್ಗ, ಸಮೀಕ್ಷೆ ವರದಿ, ಫೋಟೊ, ಹಣ ಬಿಡುಗಡೆಯಾದ ದಿನಾಂಕ, ಇವುಗಳ ದೃಢೀಕೃತ ನಕಲು." ಬೇರೆಯವರ ಬ್ಯಾಂಕ್ ಖಾತೆ ನಂಬರ್ ಕೇಳಲು ಹೋಗಬೇಡಿ. ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು, ಸೀಲ್ ಹಾಕಿದ ಸ್ವೀಕೃತಿ ಇಸ್ಕೊಳ್ಳಿ. ಅದಿಲ್ಲದಿದ್ದರೆ ಸುಮ್ನೆ ಓಡಾಟ.

30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ಅದನ್ನು ಸಲ್ಲಿಸಲೂ 30 ದಿನದ ಗಡುವಿದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಪಟ್ಟಿ ಕೈಗೆ ಬಂದ ಮೇಲೆ ಮನೆ ಮನೆಗೆ ಹೋಗಿ ತಾಳೆ ನೋಡಿ. ಅಜ್ಜಿಯ ಹೆಸರಿನ ಮುಂದಿದ್ದ ಫೋಟೊದಲ್ಲಿ ಹಸಿರು ಬಾಗಿಲಿತ್ತು. ಅಜ್ಜಿ ಮನೆಗೆ ಬಾಗಿಲೇ ಉಳಿದಿರಲಿಲ್ಲ, ಇದ್ದಾಗಲೂ ಅದು ನೀಲಿ. ಆ ಪುಟವನ್ನೇ ಗ್ರಾಮಸಭೆಯಲ್ಲಿ ಎತ್ತಿ ತೋರಿಸಿದೆವು.