ಬಿಕಾಂ ಆದ ಮೇಲೆ ಟೆಕ್ಸಾಸ್‌ನಲ್ಲಿ ಎರಡು ವರ್ಷದ ಐಟಿ ಡಿಗ್ರಿ: ನನ್ನ ಅನುಭವ

ಹಾಸನದಲ್ಲಿ ಬಿಕಾಂ ಮುಗಿಸಿ ಒಂಬತ್ತು ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದವಳು ನಾನು. 2017ರಲ್ಲಿ ಯಜಮಾನರ ಜೊತೆ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಕೊಡುವುದು) ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಬಂದಿಳಿದಾಗ ನನಗೆ ಮೂವತ್ತನಾಲ್ಕು, ಮಗಳಿಗೆ ಆರು. ಆ ವೀಸಾದಲ್ಲಿ ಬೇರೆ ಪರವಾನಗಿ ಇಲ್ಲದೆ ಕೆಲಸ ಮಾಡುವ ಹಾಗಿಲ್ಲ, ಓದಬಹುದು. ಮಗಳು ಶಾಲೆಗೆ ಹೋದ ಮೇಲಿನ ಏಳು ಗಂಟೆ ಮನೆಯ ನಾಲ್ಕು ಗೋಡೆ ನೋಡುತ್ತಾ ಒಂದು ವರ್ಷ ಕಳೆದೆ. 2018ರ ಆಗಸ್ಟ್‌ನಲ್ಲಿ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಐಟಿ ಓದಲು ಸೇರಿದೆ.

"ಡಿಗ್ರಿ ಆದವಳು ಮತ್ತೆ ಡಿಪ್ಲೊಮಾ ಮಾಡ್ತೀಯಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಇಲ್ಲಿನ ಕನ್ನಡ ಬಳಗದಲ್ಲೂ ಒಂದಿಬ್ಬರು ಅದನ್ನೇ ಕೇಳಿದರು, ಸ್ವಲ್ಪ ಮೆತ್ತಗೆ. ಇದು ಡಿಪ್ಲೊಮಾ ಅಲ್ಲ, ಅಸೋಸಿಯೇಟ್ ಡಿಗ್ರಿ ಅನ್ನುವ ಎರಡು ವರ್ಷದ ಪದವಿ. ಅಮೆರಿಕದಲ್ಲಿ ಸರ್ಕಾರಿ ಎರಡು ವರ್ಷದ ಕಾಲೇಜುಗಳ ಪರಂಪರೆ 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾಯಿತು. ಹಗಲು ದುಡಿಯುವವರು, ಮಕ್ಕಳಿರುವವರು, ಸೈನ್ಯ ಬಿಟ್ಟು ಬಂದವರು ಇಲ್ಲಿಗೇ ಬರುವುದು. ನನ್ನ ಪಕ್ಕದ ಬೆಂಚಿನಲ್ಲಿ ಐವತ್ತು ದಾಟಿದ ಮಾಜಿ ಸೈನಿಕರೊಬ್ಬರು ಕೂರುತ್ತಿದ್ದರು. ಅವರ ಆಚೆ, ರಾತ್ರಿ ಪಾಳಿ ಮುಗಿಸಿ ನೇರ ಗೋದಾಮಿನಿಂದ ಬರುತ್ತಿದ್ದ ಹತ್ತೊಂಬತ್ತರ ಹುಡುಗ. ಅಲ್ಲಿ ನನ್ನ ವಯಸ್ಸನ್ನು ಯಾರೂ ಕೇಳಲಿಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಓದನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ನಾನು ಓದುವಾಗ ನಮ್ಮ ಜಿಲ್ಲೆಯ ನಿವಾಸಿಗಳಿಗೆ ಒಂದು ಕ್ರೆಡಿಟ್‌ಗೆ 85 ಡಾಲರ್ ಇತ್ತು, ಡಿಗ್ರಿಗೆ ಒಟ್ಟು 60 ಕ್ರೆಡಿಟ್. ಹೊರ ರಾಜ್ಯದವರು ಇದರ ಹಲವು ಪಟ್ಟು ಕೊಡಬೇಕು. ಟೆಕ್ಸಾಸ್‌ನಲ್ಲಿ ಎಚ್-4ನವರೂ ಹನ್ನೆರಡು ತಿಂಗಳು ನೆಲೆಸಿರುವುದನ್ನು ದಾಖಲೆ ಸಮೇತ ತೋರಿಸಿದರೆ ನಿವಾಸಿಗಳ ಶುಲ್ಕಕ್ಕೆ ಅರ್ಹರು. ಹಾಗಾಗಿ ಬಾಡಿಗೆ ಕರಾರು, ಕರೆಂಟ್ ಬಿಲ್, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ಬಂದ ದಿನದಿಂದಲೇ ನಿಮ್ಮ ಹೆಸರೂ ಇರಲಿ. ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಅನ್ನುವ ಓದಿನ ಸಹಾಯಧನ ನಮಗೆ ಸಿಗುವುದಿಲ್ಲ. ಹಾಸನದ ಅಂಕಪಟ್ಟಿಗಳನ್ನು ಮೌಲ್ಯಮಾಪನ ಸಂಸ್ಥೆಯೊಂದಕ್ಕೆ ಕಳಿಸಿದ್ದಕ್ಕೆ ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ ಸೇರಿ 6 ಕ್ರೆಡಿಟ್ ಮಾತ್ರ ಒಪ್ಪಿದರು. ಮೂರು ವರ್ಷದ ಓದಿಗೆ ಆರೇ ಕ್ರೆಡಿಟ್ಟಾ ಅಂತ ಅವತ್ತು ರಾತ್ರಿ ಅತ್ತಿದ್ದೆ. ಆದರೂ 510 ಡಾಲರ್ ಉಳಿಯಿತು.

ನೆಟ್‌ವರ್ಕಿಂಗ್ ಲ್ಯಾಬ್ ನನ್ನನ್ನು ಹಿಡಿದು ನಿಲ್ಲಿಸಿತು. ಮೊದಲ ವಾರ ಎಲ್ಲರ ಕೈಗೂ ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್‌ನೆಟ್ ಕೇಬಲ್ ಒಂದೊಂದು ಮಾರು, ಅದರ ತುದಿಗೆ ಹಾಕುವ ಆರ್‌ಜೆ-45 ಕನೆಕ್ಟರ್ ಎರಡು, ಅದನ್ನು ಒತ್ತಿ ಕೂರಿಸುವ ಕ್ರಿಂಪರ್ ಒಂದು ಕೊಟ್ಟರು. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಎರಡೆರಡು ಸೇರಿ ನಾಲ್ಕು ಜೋಡಿ. ಒಂದೊಂದು ಜೋಡಿಯನ್ನೂ ಬತ್ತಿ ಹೊಸೆದ ಹಾಗೆ ಹೊಸೆದಿರುತ್ತಾರೆ. ಹೊರಗಿನ ವಿದ್ಯುತ್ ಅಡಚಣೆ ಜೋಡಿಯ ಎರಡೂ ಎಳೆಗೆ ಸಮನಾಗಿ ತಾಗಿ, ಆಚೆ ತುದಿಯಲ್ಲಿ ಒಂದನ್ನೊಂದು ಕಳೆಯಲಿ ಅಂತ ಆ ಹೊಸೆತ. ಅದನ್ನು ಬಿಡಿಸಿ, ಎಳೆಗಳನ್ನು ಬೆರಳಲ್ಲಿ ತೀಡಿ ನೇರ ಮಾಡಿ, ಸರಿಯಾದ ಸಾಲಿನಲ್ಲಿ ಹಿಡಿದು, ಒಂದೇ ಸಮಕ್ಕೆ ಕತ್ತರಿಸಿ, ಕನೆಕ್ಟರಿನ ತುದಿ ಮುಟ್ಟುವ ತನಕ ದೂಡಿ, ಆಮೇಲೆ ಒತ್ತಬೇಕು. ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಡಿಸಬಾರದು. ನನ್ನ ಮೊದಲ ಮೂರು ಕನೆಕ್ಟರ್ ಕಸಕ್ಕೆ ಹೋದವು. ಪ್ರತಿ ಸಲವೂ ಹಸಿರು ಎಳೆ ಅದರ ಜೋಡಿಯ ಪಕ್ಕಕ್ಕೇ ಜಾರುತ್ತಿತ್ತು. ಮನೆಗೆ ಬಂದು ಸಾಲನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದೆ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಮಗಳಿಗೂ ಬಂದುಬಿಟ್ಟಿತು, ಕಾರಲ್ಲಿ ಹಾಡುತ್ತಿದ್ದಳು. ಮುಂದಿನ ವಾರ ಟೆಸ್ಟರಿನ ಎಂಟೂ ದೀಪ ಒಂದಾದ ಮೇಲೊಂದು ಹಸಿರಾಗಿ ಹೊತ್ತಿದಾಗ ಮಾಜಿ ಸೈನಿಕರು ಮೇಜು ಬಡಿದು ಖುಷಿಪಟ್ಟರು.

ಸಬ್‌ನೆಟ್ಟಿಂಗ್, ಅಂದರೆ ಒಂದು ನೆಟ್‌ವರ್ಕಿನ ವಿಳಾಸಗಳನ್ನು ಸಣ್ಣ ತುಂಡುಗಳಾಗಿ ಹಂಚುವುದು, ಎಲ್ಲರಿಗೂ ತಲೆಬಿಸಿ. ನನಗೆ ಅಲ್ಲಿ ನೆರವಾದದ್ದು ಪ್ರಾಥಮಿಕ ಶಾಲೆಯ ಮಗ್ಗಿ. ತುಂಡಿನ ಗಾತ್ರ ಹೇಳುವ ಸಂಖ್ಯೆಗೆ ಮಾಸ್ಕ್ ಅನ್ನುತ್ತಾರೆ. ಮಾಸ್ಕ್ 192 ಅಂದರೆ 256ರಲ್ಲಿ 192 ಕಳೆದು 64. ಇನ್ನು 64ರ ಮಗ್ಗಿ ಹೇಳಿಕೊಂಡು ಹೋಗುವುದು: 0, 64, 128, 192. ಒಂದೊಂದು ತುಂಡಿನಲ್ಲೂ 64 ವಿಳಾಸ. ಮೊದಲನೆಯದು ನೆಟ್‌ವರ್ಕಿನ ಗುರುತಿಗೆ, ಕೊನೆಯದು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟಿಗೆ, ಯಂತ್ರಗಳಿಗೆ ಉಳಿಯುವುದು 62. ಅನ್ನ ಬೇಯುವಷ್ಟರಲ್ಲಿ ಐದು ಲೆಕ್ಕ, ದಿನಾ, ಎರಡು ತಿಂಗಳು. ಪರೀಕ್ಷೆಯಲ್ಲಿ ಕ್ಯಾಲ್ಕ್ಯುಲೇಟರ್ ಕೊಡಲಿಲ್ಲ, ಬೇಕಾಗಲೂ ಇಲ್ಲ.

ರೌಟರ್ ಲ್ಯಾಬಿನಲ್ಲಿ ಒಂದಿಡೀ ಶನಿವಾರ ಕಳೆದುಕೊಂಡೆ. ವಿಳಾಸ ಸರಿ, ಕೇಬಲ್ ಸರಿ, ಸಂಪರ್ಕ ಪರೀಕ್ಷಿಸುವ ಪಿಂಗ್ ಸಂದೇಶ ಮಾತ್ರ ಹೋಗುತ್ತಿಲ್ಲ. ಸಿಸ್ಕೊ ರೌಟರಿನ ಪೋರ್ಟುಗಳು ಹುಟ್ಟಾ ಮುಚ್ಚಿದ ಸ್ಥಿತಿಯಲ್ಲೇ ಇರುತ್ತವೆ. 'ನೋ ಶಟ್‌ಡೌನ್' ಅಂತ ಒಂದು ಸಾಲು ಬರೆದರೆ ಮಾತ್ರ ತೆರೆಯುವುದು. ಅದನ್ನು ಮರೆತಿದ್ದೆ. ಸಿಕ್ಕ ಖುಷಿಯಲ್ಲಿ, ಬರೆದದ್ದನ್ನು ಸ್ಟಾರ್ಟಪ್ ಫೈಲಿಗೆ ಉಳಿಸದೆ ರೌಟರನ್ನು ಆಫ್ ಮಾಡಿದೆ, ಎಲ್ಲ ಅಳಿಸಿಹೋಯಿತು. ಮತ್ತೆ ಮೊದಲಿಂದ. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ: ಏನು ಕೆಟ್ಟಿತು, ಏನೇನು ನೋಡಿದೆ, ಕೊನೆಗೆ ಏನು ಕಾರಣ. ಸಹಕಾರ ಸಂಘದ ರೋಜುಪುಸ್ತಕದ ಹಾಗೆ ದಿನಾಂಕ ಹಾಕಿ ಬರೆಯುತ್ತಿದ್ದೆ. ಮೂರೂವರೆ ವರ್ಷದಲ್ಲಿ ಅಂಥ ನಾಲ್ಕು ಪುಸ್ತಕ ತುಂಬಿದವು. ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಸಿದ್ದು ಅವು.

ಐಟಿಗೆ ಸಂಬಂಧವಿಲ್ಲದ ವಿಷಯಗಳೂ ಇರುತ್ತವೆ. ಇಂಗ್ಲಿಷ್ ಪ್ರಬಂಧ ಕಷ್ಟವಾಯಿತು. ನೋಟ್ಸ್ ಉರುಹೊಡೆದು ಬರೆದು ಬೆಳೆದವಳಿಗೆ 'ನಿನ್ನ ವಾದ ಏನು?' ಅಂತ ಮಾರ್ಜಿನ್‌ನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದರೆ ಉತ್ತರ ಹೊಳೆಯದು. ಕಾಲೇಜಿನ ಬರವಣಿಗೆ ಕೇಂದ್ರದಲ್ಲಿ ದುಡ್ಡಿಲ್ಲದೆ ಕೂತು ತಿದ್ದಿಸುತ್ತಾರೆ, ವಾರಕ್ಕೊಮ್ಮೆ ಹೋದೆ. ಸಮಾಜವಿಜ್ಞಾನಕ್ಕೆ ಟೆಕ್ಸಾಸ್ ಸರ್ಕಾರದ ಪಾಠ ತೆಗೆದುಕೊಂಡೆ, ಮಗಳ ಶಾಲೆಯ ವೇಳೆಗೆ ಅದೊಂದೇ ಹೊಂದುತ್ತಿದ್ದದ್ದು. 1876ರ ಸಂವಿಧಾನ, ಅದಕ್ಕೆ ಐನೂರು ಮೀರಿದ ತಿದ್ದುಪಡಿಗಳು, ಎರಡು ವರ್ಷಕ್ಕೊಮ್ಮೆ 140 ದಿನ ಸೇರುವ ಶಾಸಕಾಂಗ. ಓಟಿನ ಹಕ್ಕಿಲ್ಲದ ನಾನು ಅದನ್ನು ಆಸೆಯಿಂದ ಓದಿದೆ.

ಸೆಮಿಸ್ಟರಿಗೆ ಎರಡೇ ಕೋರ್ಸ್ ತೆಗೆದುಕೊಳ್ಳುತ್ತಿದ್ದೆ, ಬೇಸಿಗೆಯಲ್ಲಿ ಒಂದು. ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಅನ್ನುವ ಲೆಕ್ಕ ನಿಜ, ಪ್ರೋಗ್ರಾಮಿಂಗ್‌ಗಂತೂ ಮೂರಾಗುತ್ತಿತ್ತು. ಒಮ್ಮೆ ದುರಾಸೆಗೆ ನಾಲ್ಕು ತೆಗೆದುಕೊಂಡು ಒಂದನ್ನು ಅರ್ಧಕ್ಕೇ ಬಿಡಬೇಕಾಯಿತು. ಟೆಕ್ಸಾಸ್ ಸರ್ಕಾರಿ ಕಾಲೇಜುಗಳಲ್ಲಿ ಹಾಗೆ ಬಿಡುವುದಕ್ಕೆ ಇಡೀ ಪದವಿಗೆ ಆರೇ ಅವಕಾಶ ಅಂತ ಆಮೇಲೆ ಗೊತ್ತಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಲ್ಯಾಬು ಮುಚ್ಚಿತು, ಉಳಿದದ್ದೆಲ್ಲ ನೆಟ್‌ವರ್ಕನ್ನು ಪರದೆಯ ಮೇಲೇ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಅನ್ನುವ ತಂತ್ರಾಂಶದಲ್ಲಿ, ಅಡುಗೆಮನೆ ಮೇಜಿನ ಮೇಲೆ.

ಓದಿನ ಜೊತೆಗೇ ಕಾಂಪ್ಟಿಯಾ ಅನ್ನುವ ಸಂಸ್ಥೆಯ ಐಟಿ ಪ್ರಮಾಣಪತ್ರದ ಪರೀಕ್ಷೆಗಳನ್ನು ಬರೆಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ಆಗಿನ ಎ ಪ್ಲಸ್‌ಗೆ ಎರಡು ಪತ್ರಿಕೆ, ಪಾಸಾಗಲು 900ಕ್ಕೆ 675 ಮತ್ತು 700. ನೆಟ್‌ವರ್ಕ್ ಪ್ಲಸ್‌ಗೆ 720. ಕೋರ್ಸ್ ಮುಗಿದ ತಿಂಗಳೊಳಗೆ ಬರೆದರೆ ಮತ್ತೆ ಓದುವ ಪಾಡಿಲ್ಲ. ನಾನು ಎ ಪ್ಲಸ್‌ ಅನ್ನು ಎಂಟು ತಿಂಗಳು ಮುಂದೂಡಿ, ಎಲ್ಲವನ್ನೂ ಎರಡನೇ ಸಲ ಓದಿದೆ.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಅಸೋಸಿಯೇಟ್‌ನಲ್ಲಿ ಅಪ್ಲೈಡ್ ಸೈನ್ಸ್ ಅಂತ ಒಂದಿದೆ, ಬರೀ ಸೈನ್ಸ್ ಅಂತ ಇನ್ನೊಂದಿದೆ. ಮೊದಲನೆಯದು ನೇರ ಕೆಲಸಕ್ಕೆ ಸೇರುವವರಿಗೆ, ಎರಡನೆಯದು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗುವವರಿಗೆ. ನಾನು ಹೆಸರಿನ ಆ ಒಂದು ಪದದ ವ್ಯತ್ಯಾಸವನ್ನು ಗಮನಿಸದೆ ಮೊದಲನೆಯದಕ್ಕೆ ಸೇರಿದ್ದೆ. ಮುಂದೆ ಕಂಪ್ಯೂಟರ್ ಸೈನ್ಸ್ ಮಾಡೋಣ ಅಂತ ವಿಚಾರಿಸಿದಾಗ ನನ್ನ ನೆಟ್‌ವರ್ಕಿಂಗ್ ಕ್ರೆಡಿಟ್‌ಗಳಲ್ಲಿ ಹೆಚ್ಚಿನವು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಅಪ್ಲೈಡ್ ಕ್ರೆಡಿಟ್‌ಗಳನ್ನು ಒಪ್ಪುವ ಬೇರೆ ಪದವಿಗಳು ಟೆಕ್ಸಾಸ್‌ನಲ್ಲಿವೆ, ಈಗ ಅಂಥದ್ದೊಂದಕ್ಕೆ ಸೇರಿದ್ದೇನೆ. ನೀವು ಮಾತ್ರ ಮೊದಲ ದಿನವೇ ಸಲಹೆಗಾರರ ಮುಂದೆ ಕೂತು, ಮುಂದೆ ಓದುವ ಆಸೆ ಚೂರು ಇದ್ದರೂ ಹೇಳಿ, ಯಾವ ಕ್ರೆಡಿಟ್ ಎಲ್ಲಿಗೆ ಸಲ್ಲುತ್ತದೆ ಅಂತ ಬರಹದಲ್ಲಿ ಪಡೆಯಿರಿ.

2021ರ ಡಿಸೆಂಬರ್‌ನಲ್ಲಿ ಡಿಗ್ರಿ ಕೈಗೆ ಬಂತು. ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿದ್ದರೆ ಎಚ್-4ನವರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, 2015ರಿಂದ ಈ ನಿಯಮ ಇದೆ. ನನ್ನ ಕಾರ್ಡು ಬರುವ ತನಕ ಸಾರ್ವಜನಿಕ ಗ್ರಂಥಾಲಯದಲ್ಲಿ ಹಿರಿಯರಿಗೆ ಪಾಸ್‌ವರ್ಡ್, ಇಮೇಲ್, ಪ್ರಿಂಟರ್ ಹೇಳಿಕೊಡುವ ಸ್ವಯಂಸೇವೆ ಮಾಡಿದೆ. ಸಂದರ್ಶನದಲ್ಲಿ ಅರ್ಧ ಹೊತ್ತು ಅದನ್ನೇ ಕೇಳಿದರು. ಇನ್ನರ್ಧ ಹೊತ್ತು ನನ್ನ ನೋಟ್‌ಬುಕ್ ತಿರುವಿದರು.

ಈಗ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯೊಂದರಲ್ಲಿ ತಂತ್ರಜ್ಞೆ. ಕಳೆದ ತಿಂಗಳು ಒಂದು ಶಾಲೆಯ ಕೇಬಲ್ ಬದಲಿಸುವಾಗ ಹೊಸದಾಗಿ ಸೇರಿದ ಹುಡುಗನ ಟೆಸ್ಟರಿನಲ್ಲಿ ನಾಲ್ಕನೇ ದೀಪ ಹೊತ್ತಲಿಲ್ಲ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ, ನೀಲಿ ಎಳೆ ತುದಿ ಮುಟ್ಟಿರಲಿಲ್ಲ. ಕತ್ತರಿಸಿ ಹೊಸದು ಹಾಕು ಅಂದೆ. ಅವನು ಎಳೆಗಳನ್ನು ತೀಡುತ್ತಿದ್ದಾಗ ನನಗೇ ಗೊತ್ತಿಲ್ಲದೆ ಬಾಯಲ್ಲಿ ಬಂತು, ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ. "ಅದು ಯಾವ ಭಾಷೆ?" ಅಂದ. ಕನ್ನಡ ಅಂದೆ. ಇನ್ನೊಂದು ಸಲ ನಿಧಾನಕ್ಕೆ ಹೇಳಿಸಿಕೊಂಡ.