ಅಕ್ವೇರಿಯಂ ತಳಕ್ಕೆ ಮರಳೋ, ಜಲ್ಲಿಯೋ? ಹಾಸುವುದು ಹೇಗೆ?

ಹೊಸ ಅಕ್ವೇರಿಯಂ ತಂದವರು ಮೀನು, ಫಿಲ್ಟರ್, ಲೈಟು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ತಳದ ವಿಷಯ ಬಂದಾಗ ಮಾತ್ರ ಸುಮ್ನೆ ಎರಡು ಚೀಲ ಬಣ್ಣದ ಕಲ್ಲು ಸುರಿದು ಮುಗಿಸಿಬಿಡುತ್ತಾರೆ. ಫಿಲ್ಟರ್ ಹಿಡಿಸದಿದ್ದರೆ ಐದು ನಿಮಿಷದಲ್ಲಿ ಬದಲಾಯಿಸಬಹುದು, ಆದರೆ ತಳ ಬದಲಾಯಿಸಬೇಕು ಅಂದರೆ ಮೀನುಗಳನ್ನೆಲ್ಲ ಬಕೆಟ್‌ಗೆ ಹಾಕಿ, ಗಿಡ ಕಿತ್ತು, ನೀರು ಬಸಿದು ಮೊದಲಿಂದ ಶುರು ಮಾಡಬೇಕು. ಹಾಗಾಗಿ ಟ್ಯಾಂಕ್ ಒಣಗಿರುವಾಗಲೇ ಎಲ್ಲ ಕೆಲಸ ಮುಗಿಸಿ.

ಮೊದಲು ಒಳಗೆ ಯಾರಿರುತ್ತಾರೆ ಅಂತ ತೀರ್ಮಾನಿಸಿ. ಗಪ್ಪಿ, ಟೆಟ್ರಾ ತರದ ಮೀನುಗಳು ಮೇಲೆ, ನಡುವೆ ಓಡಾಡಿಕೊಂಡಿರುತ್ತವೆ, ತಳ ಏನಿದ್ದರೂ ಅವಕ್ಕೆ ನಡೆಯುತ್ತದೆ. ಕೋರಿಡೋರಸ್ ಹಾಗಲ್ಲ. ಇಡೀ ದಿನ ತಳದಲ್ಲೇ ಮೂತಿ ಉಜ್ಜಿ ಊಟ ಹುಡುಕುವ ಮೀನು ಅದು. ಚೂಪು ಅಂಚಿನ ಕಲ್ಲಿದ್ದರೆ ಅದರ ಮೀಸೆ ಸವೆದು ಗಾಯವಾಗುತ್ತದೆ, ನುಣ್ಣನೆ ಮರಳೇ ಬೇಕು. ಗೋಲ್ಡ್‌ಫಿಶ್ ಕಲ್ಲನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಾ ಇರುತ್ತದೆ, ಕೆಲವೊಮ್ಮೆ ಕಲ್ಲು ಬಾಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಮರಳು ಹಾಕಿ, ಇಲ್ಲವೇ ಬಾಯಿಗೆ ಹಿಡಿಯದಷ್ಟು ದೊಡ್ಡ ನುಣುಪು ಕಲ್ಲು ಹಾಕಿ. ಇನ್ನು ಉಳಿದ ಸಾಮಾನ್ಯ ಟ್ಯಾಂಕ್‌ಗಳಿಗೆ 2ರಿಂದ 5 ಮಿ.ಮೀ. ಗಾತ್ರದ ಸಣ್ಣ ಜಲ್ಲಿ, ಅಂದರೆ ಗ್ರಾವೆಲ್ ಆರಾಮಾಗಿ ಸಾಕು. ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಕಪ್ಪು ಅಥವಾ ಕಂದು. ಬೆಳ್ಳಗಿನ ತಳದ ಮೇಲೆ ಎಷ್ಟೋ ಮೀನುಗಳು ತಾವೂ ಬಣ್ಣ ಕಳೆದುಕೊಂಡ ಹಾಗೆ ಕಾಣುತ್ತವೆ, ಅದರ ಮೇಲೆ ಕಸ ಬೇರೆ ಎದ್ದು ಕಾಣುತ್ತದೆ.

ಎಲ್ಲಿಂದಲೋ ಆರಿಸಿ ತಂದ ಕಲ್ಲಾದರೆ ಒಂದು ಪರೀಕ್ಷೆ ಮಾಡಿ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದಂಶ ಇದೆ ಅಂತ ಅರ್ಥ. ಅಂಥ ಕಲ್ಲು, ಚಿಪ್ಪು, ಹವಳದ ಪುಡಿ ನೀರಿನಲ್ಲಿ ನಿಧಾನವಾಗಿ ಕರಗಿ ಗಡಸುತನ ಮತ್ತು ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಎರಡನ್ನೂ ಏರಿಸುತ್ತವೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಅದೇ ಇಷ್ಟ, ಮೆದು ನೀರಿನ ಟೆಟ್ರಾಗಳಿಗೆ ಕಷ್ಟ.

ಎಷ್ಟು ತರಬೇಕು? ಉದ್ದ, ಅಗಲ, ಬೇಕಾದ ದಪ್ಪ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿ, ಲೀಟರ್ ಲೆಕ್ಕ ಸಿಗುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟ್ಯಾಂಕಿಗೆ 5 ಸೆಂ.ಮೀ. ದಪ್ಪ ಅಂದರೆ 9 ಲೀಟರ್. ಒಂದು ಲೀಟರ್ ಗ್ರಾವೆಲ್ ಸುಮಾರು ಒಂದೂವರೆ ಕೆ.ಜಿ. ತೂಗುವುದರಿಂದ 13-14 ಕೆ.ಜಿ. ಬೇಕು. ನೀರಿನ ಭಾರಕ್ಕೆ ಇದೂ ಸೇರುತ್ತದೆ, ಸ್ಟ್ಯಾಂಡ್ ಗಟ್ಟಿ ಇರಲಿ.

ಈಗ ತೊಳೆಯುವುದು. ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಅಕ್ಕಿ ತೊಳೆದ ಹಾಗೆ ಕೈಯಾಡಿಸಿ ಬಸಿಯುತ್ತಾ ಹೋಗಿ, ನೀರು ತಿಳಿಯಾಗುವವರೆಗೂ. ಸೋಪು ಮಾತ್ರ ಬೇಡವೇ ಬೇಡ. ಗಿಡಗಳಿಗೆಂದೇ ಬರುವ ಮಣ್ಣಿನ ಉಂಡೆ, ಅಂದರೆ ಅಕ್ವಾಸಾಯಿಲ್ ತಂದಿದ್ದರೆ ಅದನ್ನು ತೊಳೆಯಬೇಡಿ, ಉಂಡೆಗಳು ಒಡೆದು ಕೆಸರಾಗುತ್ತವೆ.

ತೊಳೆದಾಯಿತು ಅಂತ ತಕ್ಷಣ ಸುರಿಯಲು ಹೋಗಬೇಡಿ. ದೊಡ್ಡ ಕಲ್ಲುಗಳಿದ್ದರೆ ಅವನ್ನು ಮೊದಲು ಇಡಿ, ಗಾಜಿನ ಮೇಲೆ ತೆಳು ಫೋಮ್ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ. ನಾನು ಮೊದಲ ಸಲ ಇದನ್ನು ಉಲ್ಟಾ ಮಾಡಿದ್ದೆ. ಮರಳು ಹಾಸಿ, ಅದರ ಮೇಲೆ ಚೆಂದದ ಬಂಡೆ ನಿಲ್ಲಿಸಿ, ಸಂಜೆಯೆಲ್ಲ ನೋಡಿ ಖುಷಿಪಟ್ಟಿದ್ದೆ. ಒಂದು ಜೋಡಿ ಸಿಕ್ಲಿಡ್ ಬಂದವು, ಬಂಡೆಯ ಬುಡವನ್ನೇ ತೋಡಿದವು, ಬೆಳಿಗ್ಗೆ ಎದ್ದು ನೋಡಿದರೆ ಬಂಡೆ ಗಾಜಿಗೆ ಒರಗಿ ನಿಂತಿದೆ. ಗಾಜು ಉಳಿದಿದ್ದು ಪುಣ್ಯ.

ಆಮೇಲೆ ಹಾಸಿ. ಮೀನು ಮಾತ್ರ ಇದ್ದರೆ 2-3 ಸೆಂ.ಮೀ. ಸಾಕು, ಜಾಸ್ತಿ ಹಾಕಿದಷ್ಟೂ ಕಸ ಕೂರಲು ಜಾಗ. ಬೇರಿನಿಂದ ಉಣ್ಣುವ ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರಿನ್‌ನಂಥ ಗಿಡ ನೆಡುವುದಾದರೆ 5-7 ಸೆಂ.ಮೀ. ಬೇಕು. ಬರೀ ಗ್ರಾವೆಲ್‌ನಲ್ಲಿ ಗೊಬ್ಬರ ಇರುವುದಿಲ್ಲ, ಬೇರಿನ ಹತ್ತಿರ ರೂಟ್ ಟ್ಯಾಬ್ (ಗೊಬ್ಬರದ ಮಾತ್ರೆ) ಹೂತುಬಿಡಿ. ಆನುಬಿಯಾಸ್, ಜಾವಾ ಫರ್ನ್‌ಗಳ ಲೆಕ್ಕವೇ ಬೇರೆ, ಅವುಗಳ ದಪ್ಪ ಕಾಂಡವನ್ನು ಹೂತರೆ ಕೊಳೆಯುತ್ತದೆ, ಕಲ್ಲಿಗೋ ಕಟ್ಟಿಗೆಗೋ ಕಟ್ಟಿ. ಮುಂದೆ 3, ಹಿಂದೆ 7-8 ಸೆಂ.ಮೀ. ಬರುವ ಹಾಗೆ ಇಳಿಜಾರು ಕೊಟ್ಟರೆ ಅಷ್ಟೇ ಟ್ಯಾಂಕ್ ಒಳಗೆ ಎಷ್ಟೋ ದೂರ ಹೋದ ಹಾಗೆ ಕಾಣುತ್ತದೆ. ಆದರೆ ಇಳಿಜಾರು ತಿಂಗಳು ಕಳೆದಂತೆ ಜಾರಿ ಸಮತಟ್ಟಾಗುತ್ತದೆ, ಅದಕ್ಕೇ ನಡುವೆ ಹೊಲದ ಬದುವಿನ ಹಾಗೆ ಕಲ್ಲುಗಳ ಒಂದು ಸಾಲು ಹೂತಿಡಿ.

ನೀರು ತುಂಬುವಾಗ ತಳದ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ಸುರಿಯಿರಿ. ನೇರ ಸುರಿದರೆ ಇಷ್ಟು ಹೊತ್ತಿನ ಕೆಲಸಕ್ಕೆ ಗುಂಡಿ ಬಿತ್ತು ಅಂತಲೇ. ಸ್ವಲ್ಪ ಮಬ್ಬಾಗಿದ್ದರೆ ಗಾಬರಿ ಬೇಡ, ಫಿಲ್ಟರ್ ಓಡಿದರೆ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಅಕ್ವಾಸಾಯಿಲ್ ಶುರುವಿನ ಕೆಲವು ವಾರ ಅಮೋನಿಯಾ ಬಿಡಬಹುದು, ಅದೂ ಅದರಿಂದಾಗುವ ನೈಟ್ರೈಟೂ ಮೀನಿಗೆ ವಿಷ, ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ತೋರಿಸುವವರೆಗೆ ಮೀನು ಬಿಡಬೇಡಿ.

ಮುಂದೆ ಶುಚಿ ಮಾಡುವಾಗ ಇಡೀ ತಳವನ್ನು ಎತ್ತಿ ನಲ್ಲಿ ಕೆಳಗೆ ತೊಳೆಯುವವರಿದ್ದಾರೆ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದೇ ಕಲ್ಲುಗಳಿಗೆ ಅಂಟಿಕೊಂಡಿರುತ್ತವೆ, ಕ್ಲೋರಿನ್ ನೀರು ಬಿದ್ದರೆ ಸಾಯುತ್ತವೆ. ನೀರು ಬದಲಾಯಿಸುವ ದಿನ ಸೈಫನ್ ಪೈಪಿನಿಂದ ಅರ್ಧ ತಳದ ಕಸ ಎಳೆಯಿರಿ, ಉಳಿದರ್ಧ ಮುಂದಿನ ಸಲಕ್ಕಿರಲಿ. ಮರಳಾದರೆ ಪೈಪನ್ನು ಒಳಗೆ ಚುಚ್ಚದೆ ಸ್ವಲ್ಪ ಮೇಲೆಯೇ ಆಡಿಸಿ. ದಪ್ಪಗೆ ಹಾಸಿದ ಮರಳಿನಲ್ಲಿ ಗಾಳಿಯಾಡದೆ ಅಲ್ಲಲ್ಲಿ ಕಪ್ಪಾಗಿ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಆ ಸ್ಥಿತಿಗೆ ಬರುವ ಮುಂಚೆಯೇ ಆಗಾಗ ಬೆರಳಿನಿಂದ ಮೆಲ್ಲಗೆ ಸಡಿಲಿಸುತ್ತಿರಿ. ಇಲ್ಲವೇ ನಾಲ್ಕು ಮಲೇಷಿಯನ್ ಟ್ರಂಪೆಟ್ ಬಸವನಹುಳು ಬಿಡಿ, ಹಗಲೆಲ್ಲ ಮರಳಿನೊಳಗೆ ಉಳುತ್ತಾ ಇರುತ್ತವೆ. ನಾಲ್ಕು ಇದ್ದದ್ದು ನಲವತ್ತಾದರೆ ಮೀನಿಗೆ ಹಾಕುವ ಊಟ ಜಾಸ್ತಿಯಾಗಿದೆ ಅಂತ ತಿಳಿಯಿರಿ, ಕಮ್ಮಿ ಮಾಡಿ.