ರೂಫ್ ಕೆಟ್ಟ ಮರ್ಸಿಡಿಸ್ ಎಸ್‌ಎಲ್‌ಕೆಯನ್ನೇ ಹುಡುಕಿ ತಂದೆ: ಉದ್ಯಮಬಾಗದಿಂದ ನನ್ನ ಅನುಭವ

ಹಳೆಯ ಕನ್ವರ್ಟಿಬಲ್, ಅಂದರೆ ರೂಫ್ ತೆರೆಯುವ ಕಾರು, ತಗೊಳ್ಳುವವರಿಗೆ ಎಲ್ಲರೂ ಹೇಳುವ ಮಾತು ಒಂದೇ. ರೂಫ್ ಸರಿ ಇದೆಯಾ ನೋಡು, ಇಲ್ಲದಿದ್ದರೆ ಮುಟ್ಟಬೇಡ. ನಾನು ತದ್ವಿರುದ್ಧ ಮಾಡಿದೆ. ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಎಲ್ಲ ಚೆನ್ನಾಗಿದ್ದು ರೂಫ್ ಮಾತ್ರ ಕೆಟ್ಟಿರುವ ಕಾರನ್ನೇ ಹುಡುಕಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಕೆಲಸವೇ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಓಡುವ, ಸಿಲಿಂಡರ್ ರಿಪೇರಿ. ಟಿಪ್ಪರ್, ಜೆಸಿಬಿ, ಪ್ರೆಸ್ ಮಷೀನ್, ಎಲ್ಲದರ ಸಿಲಿಂಡರ್ ನಮ್ಮ ಬೆಂಚ್ ಮೇಲೆ ಬರುತ್ತವೆ. ಎಸ್‌ಎಲ್‌ಕೆಯ ಮಡಚುವ ಲೋಹದ ರೂಫ್ ಎತ್ತುವುದೂ ಹೈಡ್ರಾಲಿಕ್ ಸಿಲಿಂಡರೇ ಅಲ್ವಾ? ಸೈಜ್ ಚಿಕ್ಕದು, ಅಷ್ಟೇ.

ಈ ಲೆಕ್ಕವನ್ನು ಯಾರೂ ಒಪ್ಪಲಿಲ್ಲ. ನಮ್ಮ ಟರ್ನರ್ ಕಾಕಾ ಮೊದಲ ಸಿಲಿಂಡರ್ ಕೈಗೆ ತಗೊಂಡು, "ಏನ್ರೀ ಸಾವ್ಕಾರ, ಆಟಿಗಿ ಸಾಮಾನು ತಂದೀರೇನು?" ಅಂದರು. ಮನೆಯವಳು, "ಈ ಊರ ಮಳಿಯಾಗ ಛತ್ರಿ ಹಿಡ್ಕೊಂಡು ಕಾರಿನ್ಯಾಗ ಕುಂಡರೂದೇನ್ರೀ?" ಅಂತ ಕೇಳಿದಳು. ಪುಣೆಯ ಒಬ್ಬ ಗ್ಯಾರೇಜಿನವರು ಫೋನಿನಲ್ಲೇ ಕೈ ಎತ್ತಿದರು. ಆ ಸಿಲಿಂಡರ್ ಬಿಚ್ಚಲು ಬರಲ್ಲ, ಹೊಸದೇ ಹಾಕಬೇಕು ಅಂದರು. ರೂಫ್ ರಿಪೇರಿ ಮುಗಿದ ಮೇಲೆ ಈಗ ಮಳೆಗಾಲಗಳೇ ಕಳೆದಿವೆ. ಒಂದು ಹನಿ ಆಯಿಲ್ ಸೋರಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೇರೆ ಕಾರುಗಳನ್ನೂ ನೋಡಿದೆ. ಆಡಿ ಎ3 ಕ್ಯಾಬ್ರಿಯೋಲೆ ಒಳ್ಳೆಯ ಕಾರು. ಆದರೆ ಬಟ್ಟೆಯ ರೂಫ್, ಅದರ ಮೇಲೆ ಡ್ರೈ ಕ್ಲಚ್‌ನ 7 ಸ್ಪೀಡ್ ಗೇರ್‌ಬಾಕ್ಸ್. ಅದರ ಗೇರ್ ಬದಲಿಸುವ ಕಂಟ್ರೋಲ್ ಯೂನಿಟ್, ಅಂದರೆ ಮೆಕಾಟ್ರಾನಿಕ್, ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ. ಮಿನಿ ಕೂಪರ್ ಎಸ್ ಕನ್ವರ್ಟಿಬಲ್ ಓಡಿಸಿ ನೋಡಿದೆ, ಮಜಾ ಇದೆ. 18 ಸೆಕೆಂಡಿನಲ್ಲಿ ರೂಫ್ ತೆರೆಯುತ್ತದೆ, 30 ಕಿ.ಮೀ. ವೇಗದಲ್ಲಿ ಹೋಗುತ್ತಲೇ ತೆರೆಯಬಹುದು. ಅದೂ ಬಟ್ಟೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ಬಿಎಂಡಬ್ಲ್ಯೂ ಝಡ್4ನ ಇ89 ಮಾಡೆಲ್‌ಗೆ ಲೋಹದ ರೂಫ್ ಇದೆ, ಅದೂ ಹೈಡ್ರಾಲಿಕ್. ಮನಸ್ಸು ಅದರ ಮೇಲೂ ಇತ್ತು. ಆದರೆ 35ಐ ಎಂಜಿನ್‌ನ ಹೈ ಪ್ರೆಶರ್ ಫ್ಯೂಯೆಲ್ ಪಂಪ್ ಕೆಡುತ್ತದೆ ಅನ್ನುವುದು ಹಳೆಯ ತಕರಾರು. ಅದರ ಮೇಲೆ ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು. ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋಗುವ ರಸ್ತೆಯ ಗುಂಡಿಗೆ ಆ ಗಟ್ಟಿ ಟೈರು ಬೇಡ ಅನ್ನಿಸಿತು.

ಉಳಿದದ್ದು ಎಸ್‌ಎಲ್‌ಕೆ. ಆರ್171, ಅಂದರೆ 2004ರಿಂದ 2011ರವರೆಗಿನ ಮಾಡೆಲ್. ಇದರಲ್ಲಿ ವರ್ಷ ನೋಡುವುದು ಬಹಳ ಮುಖ್ಯ. ನಾನು ನೋಡಿದ್ದು ಎಸ್‌ಎಲ್‌ಕೆ 350, ಅದರ ವಿ6 ಎಂಜಿನ್‌ನ ಹೆಸರು ಎಂ272. ಅದರ ಶುರುವಿನ ಎಂಜಿನ್‌ಗಳಲ್ಲಿ ಅದುರು ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಗೇರ್ ಸವೆಯುತ್ತದೆ. ಸ್ಕ್ಯಾನರ್‌ನಲ್ಲಿ 1200, 1208 ಅನ್ನುವ ದೋಷದ ಕೋಡ್ ಬಂದರೆ ಅಲ್ಲಿಂದ ಎದ್ದು ಬನ್ನಿ, ಏಕೆಂದರೆ ಎಂಜಿನ್ ಇಳಿಸದೆ ಅದು ಆಗುವ ಕೆಲಸವಲ್ಲ. 2008ರ ಫೇಸ್‌ಲಿಫ್ಟ್ ನಂತರದ ಕಾರಿಗೆ ಆ ಭಯ ಇಲ್ಲ. ಪವರ್ ಕೂಡ 272ರಿಂದ 305 ಕುದುರೆಗೆ ಏರಿತು. ಹಾಗಾಗಿ ನಾನು 2009, 2010 ಬಿಟ್ಟು ಬೇರೆ ನೋಡಲೇ ಇಲ್ಲ. 7 ಸ್ಪೀಡ್ ಗೇರ್‌ಬಾಕ್ಸಿನ ಒಳಗಿನ ಎಲೆಕ್ಟ್ರಾನಿಕ್ ಪ್ಲೇಟ್, ಅಂದರೆ ಕಂಡಕ್ಟರ್ ಪ್ಲೇಟ್ ಮಾತ್ರ ಚೆಕ್ ಮಾಡಿಸಲೇಬೇಕು. ಕಾರು ಬಿಸಿಯಾದ ಮೇಲೆ ಅರ್ಧ ಗಂಟೆ ಓಡಿಸಿ. ಗೇರ್ ಒಂದರಲ್ಲೇ ಸಿಕ್ಕಿಕೊಂಡರೆ ಅದೇ ಕಾಯಿಲೆ.

ಇನ್ನು ದುಡ್ಡು. ಪುಣೆಯಲ್ಲಿ ಒಂದು ಕಾರು ಸುಮಾರು 2 ಲಕ್ಷ ಕಡಿಮೆಗೆ ಸಿಗುತ್ತಿತ್ತು. ಬಿಟ್ಟೆ. ಎಂಎಚ್ ನಂಬರಿನ ಕಾರನ್ನು ಇಲ್ಲಿಗೆ ತಂದರೆ ಎನ್ಒಸಿ ತರಬೇಕು, ನಮ್ಮ ಆರ್‌ಟಿಒದಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ಕರ್ನಾಟಕದಲ್ಲಿ ಶೇ. 18, ಅದರ ಮೇಲೆ ಸೆಸ್. ಕಾರು ಹಳೆಯದಾದಂತೆ ಕಡಿಮೆಯಾಗುತ್ತದೆ, ನಿಜ. ಆದರೆ ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಉಳಿಸಿದ 2 ಲಕ್ಷ ಅಲ್ಲೇ ಹೋಗುತ್ತದೆ. ಕೆಎ ನಂಬರಿನ ಕಾರಾದರೆ ಫಾರ್ಮ್ 29, 30 ಕೊಟ್ಟು ಹೆಸರು ಬದಲಾಯಿಸಿದರೆ ಮುಗಿಯಿತು. ಇನ್ನೊಂದು ವಿಷಯ, 15 ವರ್ಷ ತುಂಬಿದ ಮೇಲೆ ಆರ್‌ಸಿ ರಿನೀವಲ್. ಇಲ್ಲಿ ತಯಾರಾದ ಕಾರಿಗೆ 5,000 ಆದರೆ ಇಂಪೋರ್ಟೆಡ್ ಕಾರಿಗೆ 40,000. ಬೆಲೆ ಮಾತಾಡುವಾಗ ಇದನ್ನು ಮೊದಲೇ ಕಳೆದುಬಿಡಿ. ನಾನು ಕಳೆದಿದ್ದೆ.

ಕಾರು ಸಿಕ್ಕಿದ್ದು ಬೆಂಗಳೂರಿನಲ್ಲಿ, 2022ರ ಕೊನೆಗೆ. ರೂಫ್ ಸರಿ ಇರುವ ಇಂಥದ್ದೇ ಕಾರಿಗೆ ಆಗ 18 ಲಕ್ಷದ ಆಸುಪಾಸು ಕೇಳುತ್ತಿದ್ದರು. ಇದು 13ಕ್ಕಿಂತ ಸ್ವಲ್ಪ ಕಡಿಮೆಗೆ ಬಂತು. ಮಾರುವವರು ರೂಫ್ ಪೂರ್ತಿ ಸತ್ತಿದೆ ಅಂದುಕೊಂಡಿದ್ದರು. ಡಿಕ್ಕಿಯೊಳಗೆ ಸಾಮಾನು ಬೇರೆ ಮಾಡುವ ಒಂದು ಪರದೆ ಇರುತ್ತದೆ. ಅದನ್ನು ಎಳೆದು ಸಿಕ್ಕಿಸದಿದ್ದರೆ ರೂಫ್ ಅಲ್ಲಾಡುವುದೇ ಇಲ್ಲ. ಮೊದಲು ಅದನ್ನು ಸಿಕ್ಕಿಸಿದೆ. ಬ್ಯಾಟರಿ ವೀಕ್ ಇದ್ದರೂ ರೂಫ್ ನಿಂತುಬಿಡುತ್ತದೆ, ಅದಕ್ಕೆ ಇನ್ನೊಂದು ಬ್ಯಾಟರಿ ಜಂಪ್ ಮಾಡಿಸಿದೆ. ಸ್ವಿಚ್ ಒತ್ತಿದರೆ ಪಂಪ್ ಸದ್ದು ಬಂತು. ಆಗಲೇ ಖುಷಿಯಾಯಿತು. ಪಂಪ್ ಸದ್ದೇ ಇಲ್ಲದಿದ್ದರೆ ರಿಲೇ, ಮೈಕ್ರೋಸ್ವಿಚ್, ವೈರಿಂಗ್ ಅಂತ ದಾರಿ ಉದ್ದ. ಪಂಪ್ ತಿರುಗಿಯೂ ರೂಫ್ ಏಳದಿದ್ದರೆ ಆಯಿಲ್ ಇಲ್ಲ, ಅದು ಸೋರದಂತೆ ತಡೆಯುವ ಸೀಲ್ ಹೋಗಿದೆ. ಅದು ನನ್ನ ಕ್ಷೇತ್ರ.

ಊರಿಗೆ ತಂದು ಡಿಕ್ಕಿಯ ಲೈನಿಂಗ್ ಬಿಚ್ಚಿದೆ. ಪಂಪಿನ ಆಯಿಲ್‌ನ ವಾಸನೆಯೇ ಬೇರೆ ಇತ್ತು. ಹಿಂದೆ ಯಾರೋ ಮೆಕ್ಯಾನಿಕ್ ಬ್ರೇಕ್ ಆಯಿಲ್ ಸುರಿದಿದ್ದಾರೆ. ಸೀಲ್‌ಗಳು ಉಬ್ಬಿ, ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದವು. ಪಂಪ್, ಪೈಪ್, ಸಿಲಿಂಡರ್ ಎಲ್ಲ ಬಿಚ್ಚಿ ಫ್ಲಶ್ ಮಾಡಬೇಕಾಯಿತು. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಸುಮ್ನೆ ಕೇಳಿ ನೋಡಿದೆ. ಹೊಸ ಸಿಲಿಂಡರ್‌ಗಳು, ಪಂಪ್, ಲೇಬರ್ ಸೇರಿ 4 ಲಕ್ಷದ ಮೇಲೆ ಅಂದರು.

ಸಿಲಿಂಡರ್ ತೆಗೆಯುವ ಮೊದಲು ರೂಫ್‌ಗೆ ಮರದ ಆಸರೆ ಕೊಡಿ, ಜೊತೆಗೆ ಒಬ್ಬರು ಇರಲಿ. ಸಿಲಿಂಡರಿನ ಬಾಯಿಯ ಒಳಗಿನ ಲಾಕ್ ರಿಂಗನ್ನು ಗೀರು ಬೀಳದಂತೆ ಹೇಗೆ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೊಂದು ಟೂಲ್ ಮಾಡಿಕೊಂಡಿದ್ದೇನೆ.

ಸೀಲ್‌ಗೆ ಮೊದಲ ಪ್ರಯೋಗ ನೈಟ್ರೈಲ್ ರಬ್ಬರಿನ ಬಳೆ, ಅಂದರೆ ಒ-ರಿಂಗ್. ಗ್ರೂವ್‌ಗೆ ಸರಿಯಾಗಿ ಕೂತಿತು. ಬೆಂಚ್ ಮೇಲೆ ಪ್ರೆಶರ್ ನಿಂತಿತು. ಕಾರಿಗೆ ಹಾಕಿ ರೂಫ್ ಮೇಲೆ ಕೆಳಗೆ ಆಡಿಸಿದರೆ ವಾರದೊಳಗೆ ಸೋರಿತು. ಬಿಚ್ಚಿ ನೋಡಿದರೆ ಒ-ರಿಂಗ್ ತಿರುಚಿಕೊಂಡು ಮೈಮೇಲೆ ಸುರುಳಿ ಗೆರೆ. ಹಿಂದೆ ಮುಂದೆ ಓಡುವ ರಾಡ್‌ಗೆ ಒ-ರಿಂಗ್ ಬಾಳಿಕೆ ಇಲ್ಲ. ಎರಡನೆಯದು ಪಾಲಿಯುರೆಥೇನ್‌ನ ಯು ಆಕಾರದ ಸೀಲ್. ಈ ಅಳತೆ ಕ್ಯಾಟಲಾಗ್‌ನಲ್ಲಿ ಸಿಗಲಿಲ್ಲ, ಲೇಥ್ ಮೇಲೆ ಕೊರೆಸಿದೆ. ಸೋರಿಕೆ ನಿಂತಿತು. ಆದರೆ ಲಿಪ್, ಅಂದರೆ ರಾಡ್‌ಗೆ ತಾಗುವ ತುಟಿ, ಟೈಟ್ ಆಗಿ ರೂಫ್ ಅರ್ಧಕ್ಕೆ ನಿಂತುಬಿಡುತ್ತಿತ್ತು. ಅದೂ ಮಳೆ ಮೋಡ ಕಟ್ಟಿದ ಸಂಜೆ, ಅಂಗಡಿಯ ಅಂಗಳದಲ್ಲಿ. ನಾಲ್ಕು ಜನ ಸೇರಿ ಶೆಡ್ ಒಳಗೆ ತಳ್ಳಿದೆವು.

ಇಷ್ಟಾದಾಗ ಕಾಕಾನೇ ರಾಡ್ ಬೆಳಕಿಗೆ ಹಿಡಿದು ತೋರಿಸಿದರು. ಸೂಜಿ ಚುಚ್ಚಿದಂಥ ತುಕ್ಕಿನ ಚುಕ್ಕೆಗಳು. ಎಂಥ ಸೀಲ್ ಹಾಕಿದರೂ ಆ ಚುಕ್ಕೆ ಅದರ ತುಟಿಯನ್ನು ಕಡಿಯುತ್ತದೆ. ಕೆಟ್ಟ ರಾಡ್‌ಗಳನ್ನು ಹಾರ್ಡ್ ಕ್ರೋಮ್ ಲೇಪ ಮಾಡಿಸಿ ಗ್ರೈಂಡ್ ಮಾಡಿಸಿದೆ. ಉದ್ಯಮಬಾಗದಲ್ಲಿ ಇದ್ದರೆ ಇದೇ ಅನುಕೂಲ. ಲೇಥ್, ಕ್ರೋಮ್, ಗ್ರೈಂಡಿಂಗ್ ಎಲ್ಲ ಸೈಕಲ್ ಮೇಲೆ ಹೋಗಿ ಬರುವ ದೂರದಲ್ಲಿ. ಮೂರನೆಯ ಸಲ ಸೀಲ್‌ನ ಗ್ರೇಡ್ ಬದಲಿಸಿದೆ, ಲಿಪ್‌ನ ಕೋನ ಬದಲಿಸಿದೆ. ಶಾಖಕ್ಕೂ ತೇವಕ್ಕೂ ಎಲ್ಲ ಪಾಲಿಯುರೆಥೇನ್ ಒಂದೇ ರೀತಿ ತಡೆಯುವುದಿಲ್ಲ, ಅಷ್ಟು ಸುಳಿವು ಸಾಕು. ಹಾಕಿದ ದಿನ ರೂಫ್ ಒಂದೇ ಉಸಿರಿಗೆ ಮಡಚಿಕೊಂಡು ಡಿಕ್ಕಿಗೆ ಇಳಿಯಿತು. ಕಂಪನಿ ಹೇಳುವ ಸಮಯ 22 ಸೆಕೆಂಡ್. ನನ್ನದು ಅದರ ಸುತ್ತಮುತ್ತಲೇ ಇದೆ. ಕಾಕಾ ಮಾತಾಡಲಿಲ್ಲ, ಇನ್ನೊಮ್ಮೆ ಸ್ವಿಚ್ ಒತ್ತಲು ಕೈಸನ್ನೆ ಮಾಡಿದರು.

ಆಯಿಲ್ ಮೇಲೂ ಒಂದಷ್ಟು ಆಟ ಆಡಿದೆ. ಅಂಗಡಿಯಲ್ಲಿ ಡ್ರಮ್‌ಗಟ್ಟಲೆ ಇರುವ 32 ಗ್ರೇಡ್ ಹೈಡ್ರಾಲಿಕ್ ಆಯಿಲ್ ಹಾಕಿ ನೋಡಿದೆ. ಮಧ್ಯಾಹ್ನ ಓಕೆ. ಡಿಸೆಂಬರ್ ಬೆಳಿಗ್ಗೆ ದಪ್ಪಗಾಗಿ ರೂಫ್ 30 ಸೆಕೆಂಡ್ ದಾಟುತ್ತಿತ್ತು, ಪಂಪ್ ನರಳುತ್ತಿತ್ತು. ಪೆಂಟೋಸಿನ್ ಸಿಎಚ್‌ಎಫ್ 11ಎಸ್ ತರಿಸಿದೆ. ಹಸಿರು ಆಯಿಲ್, ಲೀಟರ್‌ಗೆ ಆಗ ಎರಡೂವರೆ ಸಾವಿರದ ಹತ್ತಿರ ಬಿತ್ತು. ಚಳಿಯಲ್ಲೂ ತೆಳ್ಳಗೇ ಇರುತ್ತದೆ. ಇದರಲ್ಲಿ ಕಂಜೂಸ್‌ತನ ಬೇಡ.

ಎಲ್ಲ ಸೇರಿ, ಹಾಳಾದ ಸೀಲ್, ಕ್ರೋಮ್, ಆಯಿಲ್ ಲೆಕ್ಕ ಹಿಡಿದು, ರೂಫ್‌ಗೆ 60 ಸಾವಿರದ ಒಳಗೆ ಆಯಿತು. ನಮ್ಮದೇ ಲೇಬರ್ ಬಿಟ್ಟು. ಒಂದೊಂದು ಸೀಲ್‌ಗೆ 300 ರೂಪಾಯಿ ಕೂಡ ಬಿದ್ದಿಲ್ಲ. ನಾಲ್ಕು ಟೈರ್‌ಗೇ ರೂಫಿನ ಖರ್ಚಿಗಿಂತ ಜಾಸ್ತಿ ಹೋಯಿತು, ಮುಂದೆ 225 ಮಿ.ಮೀ., ಹಿಂದೆ 245 ಮಿ.ಮೀ., ಅಗಲ ಬೇರೆ ಬೇರೆ. ಎಂಜಿನ್‌ಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನ ಪ್ಲಾಸ್ಟಿಕ್ ಲಿವರ್ ಈ ಎಂಜಿನ್‌ನಲ್ಲಿ ಮುರಿಯುವ ಜಾಗ ಅಂತ ಗೊತ್ತಿತ್ತು. ಮುರಿಯುವ ಮೊದಲೇ ಅಲ್ಯೂಮಿನಿಯಮ್‌ನಲ್ಲಿ ಮಾಡಿಸಿ ಹಾಕಿದೆ.

ಗಾಳಿ ತಡೆಯಲು ಸೀಟಿನ ಹಿಂದಿನ ಎರಡು ಕಮಾನುಗಳ ನಡುವೆ ಪಾಲಿಕಾರ್ಬೊನೇಟ್ ಶೀಟ್ ಕಟ್ಟಿ ನೋಡಿದೆ. ಗಾಳಿ ಅದಕ್ಕೆ ಬಡಿದು ಜೋರು ಸದ್ದು. ಸಣ್ಣ ಕಣ್ಣಿನ ನೆಟ್ ಕಟ್ಟಿದ ಮೇಲೆ 80ರಲ್ಲೂ ಆರಾಮಾಗಿ ಮಾತಾಡಬಹುದು. ಕತ್ತಿಗೆ ಬಿಸಿ ಗಾಳಿ ಊದುವ ಏರ್‌ಸ್ಕಾರ್ಫ್ ನನ್ನ ಕಾರಿನಲ್ಲಿದೆ. ಅಂಬೋಲಿ ಘಟ್ಟಕ್ಕೆ ಬೆಳಿಗ್ಗೆ ಬೇಗ ಹೊರಟರೆ ಅದರ ಬೆಲೆ ತಿಳಿಯುತ್ತದೆ. ಈಗ ಮನೆಯವಳೇ ಶನಿವಾರ ರಾತ್ರಿ, "ನಾಳೆ ರೂಫ್ ತಗದು ಹೋಗೂಣ್ರೀ" ಅನ್ನುತ್ತಾಳೆ.

ಮಳೆಗಾಲಕ್ಕೆ ಮುಂಚೆ ನೀರು ಇಳಿಯುವ ಡ್ರೈನ್ ತೂತುಗಳನ್ನು ನೈಲಾನ್ ತಂತಿ ಹಾಕಿ ಬಿಡಿಸುತ್ತೇನೆ. ಕಂಪ್ರೆಸರ್ ಗಾಳಿ ಬಿಡಬೇಡಿ, ಒಳಗಿನ ಪೈಪ್ ಕಳಚಿಕೊಂಡರೆ ನೀರು ನೇರ ಡಿಕ್ಕಿಗೆ ಬರುತ್ತದೆ. ಅಂಚಿನ ರಬ್ಬರ್ ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚುತ್ತೇನೆ. ಮಳೆ ಬಿಡದ ತಿಂಗಳಲ್ಲೂ ಶೆಡ್ ಒಳಗೆ ರೂಫ್ ಆಗಾಗ ಆಡಿಸುತ್ತೇನೆ, ರಾಡ್ ಮೇಲೆ ಆಯಿಲ್‌ನ ಪೊರೆ ಇದ್ದರೆ ತುಕ್ಕು ಹಿಡಿಯುವುದಿಲ್ಲ.

ಹುಬ್ಬಳ್ಳಿಯ ಝಡ್4 ಒಂದರ ಸಿಲಿಂಡರ್ ಈಗ ಬೆಂಚ್ ಮೇಲಿದೆ. ನಿಮ್ಮದೂ ಸೋರುತ್ತಿದ್ದರೆ ಬ್ರೇಕ್ ಆಯಿಲ್ ಮಾತ್ರ ಹಾಕಿಸಬೇಡಿ. ರಾಡ್ ಮತ್ತು ಬೋರ್ (ಸಿಲಿಂಡರಿನ ಒಳವ್ಯಾಸ) ಅಳತೆಯನ್ನು ಮೈಕ್ರೋಮೀಟರ್‌ನಲ್ಲಿ ತೆಗೆಸಿ. ಇಷ್ಟು ಸಣ್ಣ ಸೀಲ್‌ಗೆ ವರ್ನಿಯರ್ ಕ್ಯಾಲಿಪರ್‌ನ ಅಳತೆ ಸಾಲುವುದಿಲ್ಲ.